ತುಂಬಿದ ಹಾಲ್, ಖಾಲಿ ಗಲ್ಲಾ: ಮ್ಯಾಂಚೆಸ್ಟರಿನ ಹಸಿಯೆಂಡಾ ಕ್ಲಬ್

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ನಿಂತು ಮ್ಯಾಂಚೆಸ್ಟರ್ ಬಗ್ಗೆ ಮಾತಾಡುವುದು ನನಗೆ ಸುಲಭ. ಈ ಊರನ್ನೇ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು. ಹತ್ತಿ ಗಿರಣಿ ಅಂದರೇನು, ಪಾಳಿ ಅಂದರೇನು ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಗಿರಣಿ ಬಾಗಿಲು ಹಾಕಿದ ಮೇಲೆ ಊರು ಹೇಗಿರುತ್ತದೆ ಅಂತಲೂ ನಿಮಗೆ ಗೊತ್ತು. ನಾನು ಇವತ್ತು ಹೇಳಲು ಬಂದಿರುವುದು ಅಸಲಿ ಮ್ಯಾಂಚೆಸ್ಟರಿನಲ್ಲಿ ಗಿರಣಿಗಳು ಮುಚ್ಚಿದ ಮೇಲೆ ಏನಾಯಿತು ಅನ್ನುವುದರ ಒಂದು ಸಣ್ಣ ಭಾಗ. ಒಂದು ಡ್ಯಾನ್ಸ್ ಕ್ಲಬ್ಬಿನ ಕಥೆ. ಹೆಸರು ಹಸಿಯೆಂಡಾ. 1982ರಲ್ಲಿ ಶುರುವಾಯಿತು, 1997ರಲ್ಲಿ ಮುಚ್ಚಿತು.

ಆ ಊರಿಗೂ ನಮಗೂ ಹಳೆಯ ನಂಟಿದೆ, ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುವುದು ನಿಂತಿತು. ಆಗ ಅಲ್ಲಿನ ಮಾಲೀಕರ ಕಣ್ಣು ಬಿದ್ದದ್ದು ಧಾರವಾಡ ಸೀಮೆಯ ಎರೆ ಭೂಮಿಯ ಮೇಲೆ. ಹತ್ತಿ ಸಾಗಿಸಲು ಕಾರವಾರ ಬಂದರು ಅಭಿವೃದ್ಧಿ ಮಾಡಿ ಅಂತ ಅವರು ಸರ್ಕಾರದ ಬೆನ್ನು ಬಿದ್ದರು. ಹತ್ತಿ ರೇಟು ಗಗನಕ್ಕೇರಿತು. ಯುದ್ಧ ಮುಗಿಯಿತು, ರೇಟು ದಬ್ಬನೆ ಬಿತ್ತು. ನಮ್ಮ ರೈತರು ಕೈ ಸುಟ್ಟುಕೊಂಡರು. ಮ್ಯಾಂಚೆಸ್ಟರ್ ಮಾತ್ರ ಇನ್ನೂ ಐವತ್ತು ವರ್ಷ ಮೆರೆಯಿತು.

ಆಮೇಲೆ ಅದರ ಸರದಿ ಬಂತು. 1970ರ ದಶಕದ ಹೊತ್ತಿಗೆ ಊರ ನಡುವಿನ ದೊಡ್ಡ ದೊಡ್ಡ ಇಟ್ಟಿಗೆ ಗೋದಾಮುಗಳು ಖಾಲಿ ಬಿದ್ದಿದ್ದವು. ಕೆಲಸ ಇಲ್ಲ. ಹುಡುಗರು ಗಿಟಾರ್ ಹಿಡಿದರು. 1976ರ ಜೂನ್‌ನಲ್ಲಿ ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್, ಪಂಕ್ ಅನ್ನುವ ಒರಟು ಗದ್ದಲದ ರಾಕ್ ಸಂಗೀತದ ಬ್ಯಾಂಡ್, ಅಲ್ಲಿಗೆ ಬಂದು ಒಂದು ಸಣ್ಣ ಸಭಾಂಗಣದಲ್ಲಿ ಹಾಡಿತು. ಬಂದವರು ಬೆರಳೆಣಿಕೆಯ ಜನ. ಆದರೆ ಆ ಬೆರಳೆಣಿಕೆಯವರಲ್ಲಿ ಎಷ್ಟೋ ಮಂದಿ ಮನೆಗೆ ಹೋಗಿ ಸ್ವಂತ ಬ್ಯಾಂಡ್ ಕಟ್ಟಿದರು.

ಇಲ್ಲಿ ಟೋನಿ ವಿಲ್ಸನ್ ಬರುತ್ತಾರೆ. ಗ್ರಾನಡಾ ಟಿವಿಯಲ್ಲಿ ಸುದ್ದಿ ಕಾರ್ಯಕ್ರಮ ನಡೆಸುತ್ತಿದ್ದವರು. ಸಂಜೆ ಟಿವಿಯಲ್ಲಿ ಕೋಟು ಹಾಕಿಕೊಂಡು ಕೂರುವುದು, ರಾತ್ರಿ ಪಂಕ್ ಹುಡುಗರ ಜೊತೆ ಓಡಾಡುವುದು. ಓದಿಕೊಂಡ ಮನುಷ್ಯ, ಬಾಯಿ ಜಾಸ್ತಿ. 1978ರಲ್ಲಿ ಅವರು ನಟ ಅಲನ್ ಎರಾಸ್ಮಸ್ ಮತ್ತಿತರರ ಜೊತೆ ಸೇರಿ ಫ್ಯಾಕ್ಟರಿ ರೆಕಾರ್ಡ್ಸ್ ಶುರು ಮಾಡಿದರು. ಮೊದಲು ವಾರಕ್ಕೊಂದು ಸಂಗೀತದ ರಾತ್ರಿ, ಆಮೇಲೆ ರೆಕಾರ್ಡ್ ಕಂಪನಿ. ಕಲಾವಿದರ ಜೊತೆ ಅವರು ಮಾಡಿಕೊಂಡ ಒಪ್ಪಂದದ ಸಾರ ಇಷ್ಟೇ: ಸಂಗೀತ ಎಲ್ಲ ಸಂಗೀತಗಾರರದ್ದು, ಕಂಪನಿಗೆ ಏನೂ ಸೇರಿದ್ದಲ್ಲ, ಬೇಕಾದಾಗ ಬಿಟ್ಟು ಹೋಗಬಹುದು. ಈ ಕಾಗದವನ್ನು ನೆನಪಿಟ್ಟುಕೊಳ್ಳಿ. ಹದಿನಾಲ್ಕು ವರ್ಷದ ಮೇಲೆ ಅದು ಮತ್ತೆ ಹೊರಗೆ ಬರುತ್ತದೆ.

ಫ್ಯಾಕ್ಟರಿಯ ದೊಡ್ಡ ಬ್ಯಾಂಡ್ ಜಾಯ್ ಡಿವಿಷನ್. ಅದರ ಗಾಯಕ ಇಯಾನ್ ಕರ್ಟಿಸ್ 1980ರ ಮೇ 18ರಂದು, ಅಮೆರಿಕ ಪ್ರವಾಸಕ್ಕೆ ಹೊರಡಬೇಕಾದ ಮುನ್ನಾದಿನ, ಆತ್ಮಹತ್ಯೆ ಮಾಡಿಕೊಂಡರು. ವಯಸ್ಸು 23. ಉಳಿದವರು ಹೆಸರು ಬದಲಿಸಿ ನ್ಯೂ ಆರ್ಡರ್ ಆದರು. ಹೊಸ ಬ್ಯಾಂಡ್ ಆಗಿ ನ್ಯೂಯಾರ್ಕಿಗೆ ಹೋದಾಗ ಅಲ್ಲಿನ ಕ್ಲಬ್‌ಗಳನ್ನು ನೋಡಿದರು. ಪ್ಯಾರಡೈಸ್ ಗರಾಜ್, ಡ್ಯಾನ್ಸಟೀರಿಯಾ. ದೊಡ್ಡ ಗೋದಾಮು, ಎದೆ ನಡುಗಿಸುವ ಸ್ಪೀಕರ್, ಕರಿಯರು ಬಿಳಿಯರು ಎಲ್ಲ ಒಂದೇ ಕಡೆ ಕುಣಿತ. ಮ್ಯಾಂಚೆಸ್ಟರಿನಲ್ಲಿ ಆಗ ಡಿಸ್ಕೊಗೆ ಹೋಗಬೇಕಾದರೆ ಟೈ ಕಟ್ಟಬೇಕು, ಪಾಲಿಶ್ ಹಾಕಿದ ಶೂ ಬೇಕು. ಇಲ್ಲದಿದ್ದರೆ ಬಾಗಿಲಲ್ಲೇ ವಾಪಸ್. ಬ್ಯಾಂಡಿನ ಮ್ಯಾನೇಜರ್ ರಾಬ್ ಗ್ರೆಟನ್ ತಲೆಗೆ ಒಂದು ಹುಳ ಹೊಕ್ಕಿತು. ನಮ್ಮಂಥವರು ಹೋಗಲು ನಮ್ಮ ಊರಲ್ಲೂ ಒಂದು ಜಾಗ ಬೇಕು.

ಜಾಗ ಸಿಕ್ಕಿದ್ದು ವಿಟ್‌ವರ್ತ್ ಸ್ಟ್ರೀಟ್ ವೆಸ್ಟ್‌ನಲ್ಲಿ, ರೋಚ್‌ಡೇಲ್ ಕಾಲುವೆಯ ಪಕ್ಕ. ಹಿಂದೆ ವಿಹಾರದ ದೋಣಿಗಳನ್ನು ಮಾರುತ್ತಿದ್ದ ಶೋರೂಂ. ವಿನ್ಯಾಸಕ್ಕೆ ಬೆನ್ ಕೆಲ್ಲಿ ಬಂದರು. ಇವರ ಕೆಲಸದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು.

ಹಾಲಿನ ನಡುವೆ ಕಬ್ಬಿಣದ ಕಂಬಗಳಿದ್ದವು. ಛಾವಣಿ ಹೊತ್ತು ನಿಂತ ಕಂಬಗಳು, ತೆಗೆಯುವ ಹಾಗಿಲ್ಲ. ಕುಣಿಯುವ ಜಾಗದ ಮಧ್ಯದಲ್ಲೇ ಅವು. ಕತ್ತಲಲ್ಲಿ ಯಾರಾದರೂ ಹೋಗಿ ತಲೆ ಹೊಡೆಸಿಕೊಳ್ಳುವುದು ಗ್ಯಾರಂಟಿ. ಬೇರೆ ಡಿಸೈನರ್ ಆಗಿದ್ದರೆ ಕನ್ನಡಿ ಹಚ್ಚಿ ಮುಚ್ಚುತ್ತಿದ್ದರೋ ಏನೋ. ಕೆಲ್ಲಿ ಕಾರ್ಖಾನೆಯಲ್ಲಿ ಅಪಾಯದ ಜಾಗಕ್ಕೆ ಬಳಿಯುವ ಹಳದಿ ಕಪ್ಪು ಓರೆ ಪಟ್ಟಿಗಳನ್ನು ಆ ಕಂಬಗಳಿಗೆ ಬಳಿಸಿದರು. ಡ್ಯಾನ್ಸ್ ಫ್ಲೋರಿನ ಅಂಚು ಎಲ್ಲಿ ಮುಗಿಯುತ್ತದೆ ಅಂತ ತೋರಿಸಲು ರಸ್ತೆಯಲ್ಲಿ ರಾತ್ರಿ ಹೊಳೆಯುವ ರಿಫ್ಲೆಕ್ಟರ್‌ಗಳನ್ನು ಹಾಕಿಸಿದರು, ಜೊತೆಗೆ ರಸ್ತೆ ಬದಿಯ ಗಿಡ್ಡ ಕಂಬಗಳು. ದುಡಿಮೆಯ ಊರು ದುಡಿಮೆಯ ಬಣ್ಣದಲ್ಲೇ ಕುಣಿಯಲಿ ಅನ್ನುವ ಹಾಗೆ. ಇವತ್ತಿಗೂ ಆ ಹಳದಿ ಕಪ್ಪು ಪಟ್ಟಿ ಟೀ ಶರ್ಟ್ ಮೇಲೆ ಬರುತ್ತದೆ. ಹಾಕಿಕೊಂಡವರಲ್ಲಿ ಎಷ್ಟೋ ಜನ ಕ್ಲಬ್ ಮುಚ್ಚಿದ ಮೇಲೆ ಹುಟ್ಟಿದವರು.

ಕ್ಲಬ್ಬಿನ ಹೆಸರು ಬಂದದ್ದು 1953ರಲ್ಲಿ ಇವಾನ್ ಶ್ಚೆಗ್ಲೋವ್ ಅನ್ನುವ ಯುವಕ ಪ್ಯಾರಿಸ್ಸಿನಲ್ಲಿ ಬರೆದ ಒಂದು ಲೇಖನದಿಂದ. ಹಸಿಯೆಂಡಾ ಅಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ದೊಡ್ಡ ತೋಟದ ಮನೆ; ಹಸಿಯೆಂಡಾ ಕಟ್ಟಲೇಬೇಕು ಅನ್ನುವ ಸಾಲು ಅದರಲ್ಲಿದೆ. ವಿಲ್ಸನ್‌ಗೆ ಇಂಥದ್ದೆಲ್ಲ ಬಲು ಇಷ್ಟ. ಫ್ಯಾಕ್ಟರಿಯಲ್ಲಿ ಎಲ್ಲದಕ್ಕೂ ನಂಬರ್ ಹಾಕುವ ಖಯಾಲಿ ಬೇರೆ. ರೆಕಾರ್ಡಿಗೂ ನಂಬರ್, ಪೋಸ್ಟರಿಗೂ ನಂಬರ್. ಕ್ಲಬ್ಬಿಗೆ 51. ಕ್ಲಬ್ಬಿನಲ್ಲಿದ್ದ ಬೆಕ್ಕಿಗೂ ಒಂದು ನಂಬರ್ ಇತ್ತು. 2007ರಲ್ಲಿ ವಿಲ್ಸನ್ ತೀರಿಕೊಂಡಾಗ ಅವರ ಶವಪೆಟ್ಟಿಗೆಗೂ ಹಾಕಿದರು, 501.

1982ರ ಮೇ 21ರಂದು ಉದ್ಘಾಟನೆ. ಬರ್ನಾರ್ಡ್ ಮ್ಯಾನಿಂಗ್ ಅನ್ನುವ ಹಳೇ ಕಾಲದ ಹಾಸ್ಯಗಾರನನ್ನು ಕರೆಸಿದ್ದರು. ಈ ಹುಡುಗರಿಗೂ ಅವನಿಗೂ ಎತ್ತಣಿಂದೆತ್ತ ಸಂಬಂಧ! ಸೌಂಡ್ ಸಿಸ್ಟಂ ಕೆಟ್ಟದಾಗಿತ್ತು, ಅವನ ಜೋಕು ಯಾರಿಗೂ ಕೇಳಿಸಲಿಲ್ಲ. ಸಂಭಾವನೆ ಕೊಡಲು ಹೋದರೆ ಅವನು ತೆಗೆದುಕೊಳ್ಳಲಿಲ್ಲವಂತೆ. ನೀವು ಹಿಂದೆ ಕ್ಲಬ್ ನಡೆಸಿದವರಲ್ಲ ಅಲ್ವಾ, ದುಡ್ಡು ನೀವೇ ಇಟ್ಟುಕೊಳ್ಳಿ, ಬೇಕಾಗುತ್ತದೆ ಅಂದನಂತೆ. ಮ್ಯಾಂಚೆಸ್ಟರಿನವರು ಈ ಪ್ರಸಂಗವನ್ನು ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ಆದರೆ ಅವನು ಸ್ವತಃ ಕ್ಲಬ್ ಇಟ್ಟುಕೊಂಡಿದ್ದವನು, ಲೆಕ್ಕ ಗೊತ್ತಿದ್ದವನು.

ಮೊದಲ ನಾಲ್ಕು ವರ್ಷ ಹಾಲ್ ಬಹುತೇಕ ಖಾಲಿ. ಸಾವಿರಕ್ಕೂ ಹೆಚ್ಚು ಜನ ಹಿಡಿಯುವ ಜಾಗದಲ್ಲಿ ನೂರು ಜನ ನಿಂತರೆ ಹೇಗಿರುತ್ತದೆ ಹೇಳಿ. ಚಳಿ. ಕೋಟು ಬಿಚ್ಚದೆ ನಿಲ್ಲುತ್ತಿದ್ದರು. ಡಿಜೆ ಕೂರುವ ಕೋಣೆ ವೇದಿಕೆಯ ಪಕ್ಕದಲ್ಲಿ ಗೂಡಿನ ಹಾಗಿತ್ತು, ಸಣ್ಣ ಕಿಂಡಿಯಿಂದ ಜನರ ಕಡೆ ನೋಡಬೇಕು. ಆಮೇಲೆ ಅದನ್ನು ಮೇಲಿನ ಬಾಲ್ಕನಿಗೆ ಸಾಗಿಸಿದರು. ದಿ ಸ್ಮಿತ್ಸ್‌ನಂಥ ಬ್ಯಾಂಡ್ ಹಾಡಿದ ರಾತ್ರಿ ಜನ ಬರುತ್ತಿದ್ದರು, ಮರುದಿನ ಮತ್ತೆ ಖಾಲಿ. 1984ರ ಜನವರಿಯಲ್ಲಿ ಒಂದು ಟಿವಿ ಕಾರ್ಯಕ್ರಮಕ್ಕಾಗಿ ಮಡೋನ್ನಾ ಇಲ್ಲಿ ಹಾಡಿದರು. ಬ್ರಿಟನ್ನಿನ ಟಿವಿಯಲ್ಲಿ ಆಕೆ ಕಾಣಿಸಿಕೊಂಡ ಮೊದಲ ಸಲಗಳಲ್ಲಿ ಒಂದು. ನೋಡಲು ನಿಂತಿದ್ದವರು ಸುಮ್ನೆ ನಿಂತಿದ್ದರು.

ಹಾಗಾದರೆ ಮುಚ್ಚಲಿಲ್ಲ ಯಾಕೆ? ನ್ಯೂ ಆರ್ಡರ್ 1983ರಲ್ಲಿ ಬ್ಲೂ ಮಂಡೇ ಹೊರತಂದಿತ್ತು. ಹನ್ನೆರಡು ಇಂಚಿನ ಸಿಂಗಲ್ ರೆಕಾರ್ಡುಗಳಲ್ಲಿ ಪ್ರಪಂಚದಲ್ಲೇ ಅತಿ ಹೆಚ್ಚು ಮಾರಾಟವಾದದ್ದು ಅಂತ ಅದಕ್ಕೆ ಹೆಸರು. ಬ್ಯಾಂಡಿನವರು ಕೈಗೆ ತೆಗೆದುಕೊಳ್ಳುತ್ತಿದ್ದದ್ದು ಸಣ್ಣ ವಾರದ ಸಂಬಳ. ಉಳಿದದ್ದು ಕ್ಲಬ್ಬಿನ ಹೊಟ್ಟೆಗೆ. ಪೀಟರ್ ಹುಕ್, ಬ್ಯಾಂಡಿನ ಬಾಸ್ ಗಿಟಾರ್‌ನವರು, ಮುಂದೆ ಲೆಕ್ಕ ಹಾಕಿ ಹೇಳಿದ್ದುಂಟು: ಬಂದವರಿಗೆಲ್ಲ ಬಾಗಿಲಲ್ಲೇ ಹತ್ತು ಪೌಂಡ್ ಕೊಟ್ಟು ವಾಪಸ್ ಕಳಿಸಿದ್ದರೂ ಇದಕ್ಕಿಂತ ಅಗ್ಗವಾಗುತ್ತಿತ್ತು.

ನನಗೆ ಇಲ್ಲಿ ಒಂದು ಮಾತು ಹೇಳಬೇಕು ಅನಿಸುತ್ತದೆ. ಹಸಿಯೆಂಡಾ ಬಗ್ಗೆ ಬರೆಯುವವರೆಲ್ಲ ಈ ದಡ್ಡತನವನ್ನು ನಗುತ್ತಾ ಬರೆಯುತ್ತಾರೆ. ಆದರೆ ಲೆಕ್ಕ ಬಲ್ಲ ಮಾಲೀಕ ಇದ್ದಿದ್ದರೆ 1984ರಲ್ಲೇ ಬೀಗ ಹಾಕುತ್ತಿದ್ದ. ಆಗ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಆ ನಾಲ್ಕು ಖಾಲಿ ವರ್ಷಗಳಲ್ಲಿ ಡಿಜೆಗಳಿಗೆ ಏನು ಬೇಕಾದರೂ ಹಾಕಿ ನೋಡುವ ಸ್ವಾತಂತ್ರ್ಯ ಇತ್ತು. ಕೇಳುವವರೇ ಇಲ್ಲವಲ್ಲ! ಮ್ಯಾಂಚೆಸ್ಟರಿನವರ ಸಂಗೀತ ಬದಲಾದದ್ದು ಆ ನಷ್ಟದ ಖರ್ಚಿನಲ್ಲಿ.

ಈಗ ಅಟ್ಲಾಂಟಿಕ್ ದಾಟಿ ಷಿಕಾಗೊಗೆ ಹೋಗೋಣ. ಅಲ್ಲಿ ವೇರ್‌ಹೌಸ್ ಅನ್ನುವ ಕ್ಲಬ್ಬಿನಲ್ಲಿ 1977ರಿಂದ ಫ್ರಾಂಕಿ ನಕಲ್ಸ್ ರೆಕಾರ್ಡ್ ಹಾಕುತ್ತಿದ್ದರು. ಬರುತ್ತಿದ್ದವರು ಹೆಚ್ಚಾಗಿ ಕರಿಯರು, ಲ್ಯಾಟಿನೋಗಳು, ಸಲಿಂಗಿಗಳು. ಬೇರೆ ಕಡೆ ಇವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಆ ಕ್ಲಬ್ಬಿನ ಹೆಸರಿನ ಬಾಲವೇ ಯಂತ್ರಗಳಿಂದ ಮಾಡುವ ಹೊಸ ಕುಣಿತದ ಸಂಗೀತಕ್ಕೆ ಹೆಸರಾಗಿ ಹೌಸ್ ಮ್ಯೂಸಿಕ್ ಆಯಿತು. ಇದಕ್ಕೆ ಬೇಕಾದ ಯಂತ್ರಗಳು ಜಪಾನಿನ ರೋಲೆಂಡ್ ಕಂಪನಿಯವು. ಅದರಲ್ಲಿ ಟಿಬಿ 303 ಅಂತ ಒಂದು ಪುಟ್ಟ ಬೆಳ್ಳಿ ಬಣ್ಣದ ಪೆಟ್ಟಿಗೆ. ಒಬ್ಬನೇ ಗಿಟಾರ್ ಅಭ್ಯಾಸ ಮಾಡುವವನಿಗೆ ಬಾಸ್ ಜೊತೆ ಕೊಡಲಿ ಅಂತ ಮಾಡಿದ್ದು. ಬಾಸ್ ಗಿಟಾರಿನ ಹಾಗೆ ಅದು ಕೇಳಿಸಲೇ ಇಲ್ಲ, ಮಾರಾಟವೂ ಆಗಲಿಲ್ಲ. 1984ರಲ್ಲಿ ತಯಾರಿಕೆ ನಿಂತಿತು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗತೊಡಗಿತು. ಕಾಸಿಲ್ಲದ ಷಿಕಾಗೊ ಹುಡುಗರು ಕೊಂಡು ತಂದು ಅದರ ಗುಬುಟುಗಳನ್ನು ಓಡುತ್ತಿರುವಾಗಲೇ ತಿರುಗಿಸಿದರು. ಕೀರಲು, ಗುಳುಗುಳು, ಯಾವ ವಾದ್ಯದಲ್ಲೂ ಇಲ್ಲದ ಒಂದು ಸದ್ದು ಬಂತು. 1987ರಲ್ಲಿ ಫ್ಯೂಚರ್ ಅನ್ನುವ ತಂಡ ಆ ಸದ್ದಿನಿಂದಲೇ ಒಂದು ರೆಕಾರ್ಡ್ ಮಾಡಿತು. ಆ್ಯಸಿಡ್ ಹೌಸ್ ಅಂದರೆ ಅದೇ.

ಇನ್ನೊಂದು ವಿಷಯ ಹೇಳದೆ ಇರಲಾರೆ. 1982ರಲ್ಲೇ, ಅಂದರೆ ಹಸಿಯೆಂಡಾ ಬಾಗಿಲು ತೆರೆದ ವರ್ಷವೇ, ಮುಂಬೈಯಲ್ಲಿ ಹಿಂದಿ ಸಿನಿಮಾ ಸಂಗೀತಗಾರ ಚರಣ್‌ಜಿತ್ ಸಿಂಗ್ ಇದೇ 303 ಇಟ್ಟುಕೊಂಡು ರಾಗಗಳನ್ನು ನುಡಿಸಿ ಒಂದು ಎಲ್‌ಪಿ ಮಾಡಿದ್ದರು. ಆಗ ಯಾರೂ ಕೊಳ್ಳಲಿಲ್ಲ. ಇಪ್ಪತ್ತೆಂಟು ವರ್ಷದ ಮೇಲೆ ಅದು ಮರುಮುದ್ರಣವಾದಾಗ ಯುರೋಪಿನವರು ಬೆಚ್ಚಿಬಿದ್ದರು.

ಮ್ಯಾಂಚೆಸ್ಟರಿಗೆ ವಾಪಸ್ ಬರೋಣ. ಹಸಿಯೆಂಡಾದ ಶುಕ್ರವಾರದ ರಾತ್ರಿಗೆ ನ್ಯೂಡ್ ಅಂತ ಹೆಸರು. ಗಾಬರಿಯಾಗಬೇಡಿ, ಎಲ್ಲರೂ ಬಟ್ಟೆ ಹಾಕಿಕೊಂಡೇ ಬರುತ್ತಿದ್ದರು. ಡಿಜೆ ಮೈಕ್ ಪಿಕರಿಂಗ್ ಅಲ್ಲಿ ಷಿಕಾಗೊ ರೆಕಾರ್ಡುಗಳನ್ನು ಹಾಕಲು ಶುರು ಮಾಡಿದರು. ಮೊದಲು ಅದಕ್ಕೆ ಕುಣಿದವರು ಮಾಸ್ ಸೈಡ್, ಹ್ಯೂಮ್ ಬಡಾವಣೆಗಳ ಕರಿಯ ಹುಡುಗರು. ಬಿಳಿಯ ವಿದ್ಯಾರ್ಥಿಗಳು ಆಮೇಲೆ ಬಂದರು. 1987ರ ಮಾರ್ಚ್‌ನಲ್ಲಿ ಫ್ರಾಂಕಿ ನಕಲ್ಸ್, ಮಾರ್ಷಲ್ ಜೆಫರ್ಸನ್ ಮುಂತಾದ ಷಿಕಾಗೊದವರು ಬ್ರಿಟನ್ ಪ್ರವಾಸ ಬಂದಾಗ ಇಲ್ಲೂ ನಿಂತು ಹೋದರು.

ಡಿಜೆ ಅಂದರೆ ಹಾಡು ಹಾಕುವವನು, ಅದರಲ್ಲೇನು ವಿದ್ಯೆ ಅಂತ ಕೇಳುವವರಿದ್ದಾರೆ. ನೋಡಿ, ಎರಡು ಟರ್ನ್‌ಟೇಬಲ್ ಇರುತ್ತವೆ. ಒಂದರಲ್ಲಿ ಓಡುತ್ತಿರುವ ರೆಕಾರ್ಡ್ ಜನರಿಗೆ ಕೇಳಿಸುತ್ತಿದೆ. ಇನ್ನೊಂದು ಡಿಜೆಯ ಹೆಡ್‌ಫೋನಿನಲ್ಲಿ ಮಾತ್ರ, ಅದೂ ಒಂದೇ ಕಿವಿಗೆ. ಒಂದರ ವೇಗ ನಿಮಿಷಕ್ಕೆ 120 ಪೆಟ್ಟು, ಇನ್ನೊಂದರದ್ದು 123 ಅಂತ ಇಟ್ಟುಕೊಳ್ಳಿ. ಹಾಗೇ ಬಿಟ್ಟರೆ ಪೆಟ್ಟಿಗೆ ಪೆಟ್ಟು ತಾಗಿ ಗೊಂದಲ. ಟೆಕ್ನಿಕ್ಸ್ 1200 ಯಂತ್ರದ ಬಲಬದಿಯಲ್ಲಿ ವೇಗ ಬದಲಿಸುವ ಒಂದು ಜಾರುಗುಂಡಿ ಇದೆ, ನೂರಕ್ಕೆ ಎಂಟರಷ್ಟು ಹೆಚ್ಚು ಕಡಿಮೆ ಮಾಡಬಹುದು. ಅದನ್ನು ಕೂದಲೆಳೆಯಷ್ಟು ಸರಿಸಿ, ಬೆರಳ ತುದಿಯಿಂದ ರೆಕಾರ್ಡಿನ ಅಂಚು ಮುಟ್ಟಿ ಸ್ವಲ್ಪ ತಡೆದು, ಜೋಡೆತ್ತು ಒಂದೇ ಹೆಜ್ಜೆಗೆ ಬಂದ ಹಾಗೆ ಎರಡನ್ನೂ ಕೂಡಿಸಬೇಕು. ಕೂಡಿದ ಮೇಲೆ ಒಂದನ್ನು ಏರಿಸುತ್ತಾ ಇನ್ನೊಂದನ್ನು ಇಳಿಸುವುದು. ಕುಣಿಯುವವನಿಗೆ ಹಾಡು ಬದಲಾದದ್ದೇ ಗೊತ್ತಾಗಬಾರದು. ಹೀಗೆ ರಾತ್ರಿಯೆಲ್ಲ. ಗ್ರೇಮ್ ಪಾರ್ಕ್ 1988ರಲ್ಲಿ ಪಿಕರಿಂಗ್ ಜೊತೆ ಸೇರಿದರು. ಈ ಬೆರೆಸುವ ಕೆಲಸದಲ್ಲಿ ಅವರದು ಪಳಗಿದ ಕೈ.

1988ರ ಬೇಸಿಗೆ. ಬುಧವಾರದ ರಾತ್ರಿಗೆ ಹಾಟ್ ಅಂತ ಹೆಸರಿಟ್ಟು ಹಾಲಿನೊಳಗೆ ಸಣ್ಣದೊಂದು ಈಜುಕೊಳ ತಂದಿಟ್ಟರು, ಐಸ್ ಕ್ಯಾಂಡಿ ಹಂಚಿದರು. ಹೊರಗೆ ಉದ್ದನೆ ಕ್ಯೂ. ಒಳಗೆ ಜನರ ಬೆವರು ಆವಿಯಾಗಿ ಛಾವಣಿಗೆ ಹತ್ತಿ ಮತ್ತೆ ತಲೆ ಮೇಲೆ ತೊಟ್ಟಿಕ್ಕುತ್ತಿತ್ತು. ಅದೇ ವರ್ಷ ಆ ಊರಿನದೇ ಹುಡುಗ, ಎ ಗೈ ಕಾಲ್ಡ್ ಜೆರಾಲ್ಡ್ ಅನ್ನುವ ಹೆಸರಿನಲ್ಲಿ, ವೂಡೂ ರೇ ಅನ್ನುವ ಟ್ರ್ಯಾಕ್ ಮಾಡಿದ. ಹ್ಯಾಪಿ ಮಂಡೇಸ್, ಸ್ಟೋನ್ ರೋಸಸ್ ಮುಂತಾದ ಗಿಟಾರ್ ಬ್ಯಾಂಡುಗಳ ತಾಳವೂ ಬದಲಾಯಿತು. ಮ್ಯಾಡ್‌ಚೆಸ್ಟರ್ ಅಂತ ಪತ್ರಿಕೆಗಳು ಬರೆದವು.

ಈ ಸಂಭ್ರಮದ ಹಿಂದೆ ಒಂದು ಮಾದಕ ಮಾತ್ರೆ ಇತ್ತು. ಎಕ್ಸ್‌ಟಸಿ. ಅದನ್ನು ಬಿಟ್ಟು ಈ ಕಥೆ ಹೇಳಿದರೆ ಸುಳ್ಳು ಹೇಳಿದ ಹಾಗೆ. ಮಾತ್ರೆ ನುಂಗಿದವರಿಗೆ ಬಿಯರ್ ಬೇಡ, ನೀರು ಬೇಕು. ಬ್ರಿಟನ್ನಿನಲ್ಲಿ ಕ್ಲಬ್ ಬದುಕುವುದು ಬಾರಿನ ವ್ಯಾಪಾರದಿಂದ. ಹಾಲ್ ಗಿಜಿಗುಡುತ್ತಿದೆ, ಬಾರ್ ಮುಂದೆ ಜನ ನಿಂತು ನಲ್ಲಿ ನೀರು ಕೇಳುತ್ತಿದ್ದಾರೆ! ಮಾತ್ರೆಯ ದುಡ್ಡು ಮಾರುವವನ ಜೇಬಿಗೆ, ಕರೆಂಟ್ ಬಿಲ್ಲು ಕ್ಲಬ್ಬಿನ ತಲೆಗೆ. 1989ರ ಜುಲೈನಲ್ಲಿ ಮಾತ್ರೆ ತೆಗೆದುಕೊಂಡಿದ್ದ 16 ವರ್ಷದ ಹುಡುಗಿಯೊಬ್ಬಳು ಕ್ಲಬ್ಬಿನಲ್ಲಿ ಕುಸಿದುಬಿದ್ದು ಆಸ್ಪತ್ರೆಯಲ್ಲಿ ತೀರಿಕೊಂಡಳು. ಆ ಕಾಲದ ಬಗ್ಗೆ ಮಧುರ ನೆನಪು ಬರೆಯುವವರು ಈ ಸಾಲನ್ನು ಬೇಗ ದಾಟಿಬಿಡುತ್ತಾರೆ. ದಾಟಬಾರದು ಅಂತ ನನ್ನ ಅಭಿಪ್ರಾಯ.

ಮಾರುವ ಲಾಭ ಕಂಡಲ್ಲಿ ಗ್ಯಾಂಗುಗಳು ಬಂದವು. ಚೀತಮ್ ಹಿಲ್, ಮಾಸ್ ಸೈಡ್, ಸಾಲ್ಫರ್ಡ್ ಕಡೆಯವು. ಯಾರು ಬಾಗಿಲು ಕಾಯುತ್ತಾರೋ ಒಳಗೆ ಯಾರು ಮಾರಬೇಕು ಅಂತ ಅವರೇ ತೀರ್ಮಾನ ಮಾಡುತ್ತಾರೆ. ಜಗಳ ಶುರುವಾದದ್ದೇ ಬಾಗಿಲಿಗಾಗಿ. ಟಿಕೆಟ್ ಕೊಡದೆ ನುಗ್ಗುವುದು, ಬಾರಿನಲ್ಲಿ ದುಡ್ಡು ಕೊಡದೆ ಕುಡಿಯುವುದು. ಬಂದೂಕು ಕೂಡ ಕಾಣಿಸಿತು. 1990ರಲ್ಲಿ ಪೊಲೀಸರು ಲೈಸೆನ್ಸ್ ರದ್ದು ಮಾಡಿಸಲು ಹೊರಟರು. ಕ್ಲಬ್ಬಿನವರು ಜಾರ್ಜ್ ಕಾರ್ಮನ್ ಅನ್ನುವ ನಾಮಾಂಕಿತ ವಕೀಲರನ್ನು ಹಿಡಿದು ಲೈಸೆನ್ಸ್ ಉಳಿಸಿಕೊಂಡರು. ಉಳಿಸಿಕೊಂಡ ಕೆಲವೇ ವಾರದಲ್ಲಿ, 1991ರ ಜನವರಿ ಕೊನೆಗೆ, ಬಾಗಿಲಲ್ಲಿ ಕೆಲಸಗಾರರಿಗೆ ಬಂದೂಕು ತೋರಿಸಿದ ಮೇಲೆ ತಾವೇ ಕ್ಲಬ್ ಮುಚ್ಚಿದರು. ಮೇ ತಿಂಗಳಲ್ಲಿ ಮತ್ತೆ ತೆರೆದಾಗ ಬಾಗಿಲಲ್ಲಿ ಲೋಹ ಪತ್ತೆ ಯಂತ್ರ ಇತ್ತು. ಟೈ ಕಟ್ಟದವರನ್ನೂ ಒಳಗೆ ಬಿಡಬೇಕು ಅಂತ ಶುರುವಾದ ಕ್ಲಬ್ ಇದು, ನೆನಪಿರಲಿ. ಅದೇ ವರ್ಷ ಸಲಿಂಗಿಗಳಿಗಾಗಿ ಫ್ಲೆಶ್ ಅನ್ನುವ ತಿಂಗಳ ರಾತ್ರಿಯೂ ಶುರುವಾಯಿತು. ಕೊನೆಯ ವರ್ಷಗಳಲ್ಲಿ ಹಳೆಯ ಖುಷಿ ಸ್ವಲ್ಪವಾದರೂ ಉಳಿದಿದ್ದರೆ ಅದು ಅಲ್ಲಿ.

ಇತ್ತ ಫ್ಯಾಕ್ಟರಿ ಕಂಪನಿ ಸಾಲದಲ್ಲಿ ಮುಳುಗಿತ್ತು. ಹೊಸ ಆಫೀಸು, ಹೊಸ ಬಾರು ಅಂತ ಕಟ್ಟಡಗಳಿಗೆ ಸುರಿದಿದ್ದರು. ಹ್ಯಾಪಿ ಮಂಡೇಸ್‌ನವರು ಬಾರ್ಬಡೋಸ್ ದ್ವೀಪಕ್ಕೆ ಹೋಗಿ ಆಲ್ಬಂ ಮಾಡುತ್ತಾ ಖರ್ಚು ಏರಿಸುತ್ತಿದ್ದರು. ಲಂಡನ್ ರೆಕಾರ್ಡ್ಸ್ ಕಂಪನಿ ಫ್ಯಾಕ್ಟರಿಯನ್ನು ಕೊಳ್ಳಲು ಬಂತು. ಆಗ ಹೊರಗೆ ಬಂತು ನೋಡಿ ಆ 1978ರ ಕಾಗದ. ಹಾಡುಗಳೆಲ್ಲ ಬ್ಯಾಂಡುಗಳದ್ದು ಅಂದ ಮೇಲೆ ಕಂಪನಿಯಲ್ಲಿ ಕೊಳ್ಳಲು ಏನಿದೆ? ಅವರು ನೇರವಾಗಿ ನ್ಯೂ ಆರ್ಡರ್ ಜೊತೆಗೇ ಮಾತಾಡಿಕೊಂಡರು. 1992ರ ನವೆಂಬರಿನಲ್ಲಿ ಫ್ಯಾಕ್ಟರಿ ದಿವಾಳಿ ಆಯಿತು.

ಕಾನೂನಿನ ಕಡೆಯಿಂದಲೂ ಗಾಳಿ ಬದಲಾಗಿತ್ತು. ಹೊಲಗಳಲ್ಲಿ, ಖಾಲಿ ಗೋದಾಮುಗಳಲ್ಲಿ ನಡೆಯುತ್ತಿದ್ದ ರೇವ್‌ಗಳನ್ನು, ಅಂದರೆ ರಾತ್ರಿಯಿಡೀ ಕುಣಿಯುವ ಪಾರ್ಟಿಗಳನ್ನು, ತಡೆಯಲು 1994ರಲ್ಲಿ ಬ್ರಿಟನ್ ಒಂದು ಕಾಯ್ದೆ ತಂದಿತು. ಒಂದರ ಹಿಂದೆ ಒಂದು ಮರುಕಳಿಸುವ ಪೆಟ್ಟುಗಳಿಂದ ಕೂಡಿದ ಸದ್ದು ಅಂತ ಅದರಲ್ಲಿ ಸಂಗೀತದ ವಿವರಣೆ ಇದೆ. ಪಾರ್ಲಿಮೆಂಟು ತಾಳವನ್ನು ಹೀಗೆ ವಿವರಿಸಿದ್ದು ಓದಿ ನಗಬೇಕು ಅನಿಸುತ್ತದೆ. ಆದರೆ ನಾವು ನಗುವ ಹಾಗಿಲ್ಲ, ಬೆಂಗಳೂರಿನಲ್ಲಿ 2008ರ ಸುಮಾರಿಗೆ ಪಬ್‌ಗೆ ಹೋಗಿ ಕುಡಿಯಬಹುದು, ಕುಣಿಯುವಂತಿಲ್ಲ ಅನ್ನುವ ಸ್ಥಿತಿ ಇತ್ತಲ್ಲ.

ಫ್ಯಾಕ್ಟರಿ ಹೋದ ಮೇಲೂ ಕ್ಲಬ್ ಐದು ವರ್ಷ ಏಗಿತು. 1997ರ ಜೂನ್ 28 ಕೊನೆಯ ರಾತ್ರಿ. ಸಾಲ, ಬಾಗಿಲ ಮುಂದಿನ ಹಿಂಸೆ, ಲೈಸೆನ್ಸಿನ ತೊಂದರೆ ಎಲ್ಲ ಸೇರಿ ಮುಗಿಸಿದವು. ಯಾವುದು ಹೆಚ್ಚು ಅಂತ ಕೇಳಿದರೆ ನಾನು ಬಾಗಿಲು ಅನ್ನುತ್ತೇನೆ. ಸಾಲ ಮೊದಲ ದಿನದಿಂದಲೂ ಇತ್ತು, ಅದರ ಜೊತೆ ಬದುಕಲು ಅವರು ಕಲಿತಿದ್ದರು.

2000ದಲ್ಲಿ ಒಳಗಿದ್ದ ಸಾಮಾನುಗಳನ್ನು ಹರಾಜು ಹಾಕಿದರು. ಡ್ಯಾನ್ಸ್ ಫ್ಲೋರಿನ ಹಲಗೆ, ಇಟ್ಟಿಗೆ, ಸಿಕ್ಕಿದ್ದೆಲ್ಲ ಹೋಯಿತು. ಹುಕ್ ಆ ನೆಲದ ಮರದಿಂದ ಬಾಸ್ ಗಿಟಾರ್ ಮಾಡಿಸಿದರು. 2002ರಲ್ಲಿ ಕಟ್ಟಡ ಕೆಡವಿದರು. ಅಲ್ಲಿ ಈಗ ಹಸಿಯೆಂಡಾ ಅನ್ನುವ ಹೆಸರಿನದೇ ಅಪಾರ್ಟ್‌ಮೆಂಟ್ ಇದೆ. ಪಾರ್ಟಿ ಮುಗಿಯಿತು, ಇನ್ನು ಮನೆಗೆ ಬನ್ನಿ ಅನ್ನುವ ಅರ್ಥದ ಜಾಹೀರಾತು ಕೊಟ್ಟು ಬಿಲ್ಡರ್ ಫ್ಲ್ಯಾಟ್ ಮಾರಿದರು. ಕ್ಲಬ್ ಹದಿನೈದು ವರ್ಷದಲ್ಲಿ ಮಾಡಲಾಗದ ಲಾಭವನ್ನು ಹೆಸರು ಮಾಡಿಕೊಟ್ಟಿತು.

2016ರಿಂದ ಪಾರ್ಕ್ ಮತ್ತು ಪಿಕರಿಂಗ್ ಮ್ಯಾಂಚೆಸ್ಟರ್ ಕೆಮರಾಟಾ ವಾದ್ಯವೃಂದದ ಜೊತೆ ಸೇರಿ ಆ ಹಳೆಯ ಹೌಸ್ ಟ್ರ್ಯಾಕುಗಳನ್ನು ಪಿಟೀಲು, ಚೆಲ್ಲೋಗಳಲ್ಲಿ ನುಡಿಸುತ್ತಿದ್ದಾರೆ. ಟಿಕೆಟ್ ಚೆನ್ನಾಗಿ ಹೋಗುತ್ತವೆ, ಅಜ್ಜ ಅಜ್ಜಿ ಆದವರೂ ಬಂದು ಕುಣಿಯುತ್ತಾರೆ. 2023ರಲ್ಲಿ ಆ ಊರಲ್ಲಿ 20 ಕೋಟಿ ಪೌಂಡಿಗಿಂತ ಜಾಸ್ತಿ ಖರ್ಚಿನ ಹೊಸ ಕಲಾಕೇಂದ್ರ ಶುರುವಾಯಿತು. ನಡೆಸುವ ಸಂಸ್ಥೆಗೆ ಫ್ಯಾಕ್ಟರಿ ಅನ್ನುವ ಹೆಸರನ್ನೇ ಇಟ್ಟಿದ್ದಾರೆ. ಸರ್ಕಾರದ ಹಣವೂ ಅದರಲ್ಲಿ ದಂಡಿಯಾಗಿ ಇದೆ. ಹೇಳಿದ ಬಜೆಟ್ ಮೀರಿ ಖರ್ಚಾಯಿತು, ಹೇಳಿದ ದಿನಕ್ಕೆ ಮುಗಿಯಲಿಲ್ಲ. ಆ ಮಟ್ಟಿಗೆ ಹೆಸರಿಗೆ ನ್ಯಾಯ ಒದಗಿಸಿದ್ದಾರೆ ಬಿಡಿ.

ನನ್ನ ಮಾತು ಇಷ್ಟು. ಪ್ರಶ್ನೆಗಳಿಗೆ ಮೊದಲು 1988ರ ವೂಡೂ ರೇ ಹಾಕಿಸುತ್ತೇನೆ, ಇಷ್ಟು ಹೊತ್ತು ಬರೀ ಬಾಯಲ್ಲಿ ವರ್ಣಿಸಿದ್ದು ನಿಮ್ಮ ಕಿವಿಗೂ ಬೀಳಲಿ. ಸೌಂಡ್ ನೋಡಿಕೊಳ್ಳುವ ತಮ್ಮಾ, ಬಾಸ್ ಸ್ವಲ್ಪ ಏರಿಸಪ್ಪ. ಮುಂದಿನ ಸಾಲಿನವರು ಕುರ್ಚಿ ಪಕ್ಕಕ್ಕೆ ಸರಿಸಿಕೊಂಡರೆ ಹಿಂದಿನವರಿಗೂ ಜಾಗ ಆಗುತ್ತದೆ.